ಗಿಡದ ತೊಟ್ಟಿಯಲ್ಲಿ ಪಾಚಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ನೀರುಗಿಡ ಬೆಳೆಸುವವರಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಪಾಚಿಯ ಬಗ್ಗೆಯೇ. ಉತ್ತರಕ್ಕೆ ಇಳಿಯುವ ಮೊದಲು ಒಂದು ವಿಷಯ. ‘ಪಾಚಿ’ ಎಂಬ ಒಂದೇ ಹೆಸರಿನಲ್ಲಿ ನಾವು ಕರೆಯುವುದು ಹಲವು ಬೇರೆ ಬೇರೆ ಜೀವಿಗಳನ್ನು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಮೇವಾಗಬಹುದು. ಆದ್ದರಿಂದ ಮೊದಲು ಬೆರಳಿನಿಂದ ಮುಟ್ಟಿ ನೋಡಿ: ಧೂಳಿನಂತೆ ಉದುರುತ್ತದೆಯೇ, ದಾರದಂತೆ ಎಳೆ ಬರುತ್ತದೆಯೇ, ಲೋಳೆಯ ಹಾಳೆಯಂತೆ ಏಳುತ್ತದೆಯೇ, ಉಗುರಿಗೂ ಜಗ್ಗದೆ ಅಂಟಿಕೊಂಡಿದೆಯೇ? ಇಷ್ಟನ್ನು ಗಮನಿಸಿ ಬರೆದವರಿಗೆ ಖಚಿತವಾಗಿ ಉತ್ತರಿಸಲು ಸಾಧ್ಯವಾಗಿದೆ.

ಪ್ರಶ್ನೆ: ತೊಟ್ಟಿಗೆ ನೀರು ತುಂಬಿ ಮೂರು ವಾರವಾಯಿತು. ಗಾಜು, ಮರಳು, ಎಲೆ ಎಲ್ಲದರ ಮೇಲೂ ಕಂದು ಧೂಳು ಕೂತಿದೆ. ಒರೆಸಿದರೆ ಹೋಗುತ್ತದೆ, ಎರಡು ದಿನದಲ್ಲಿ ಮತ್ತೆ ಬರುತ್ತದೆ. ಎಲ್ಲ ಕಿತ್ತು ಹೊಸದಾಗಿ ಶುರು ಮಾಡಬೇಕೇ?

ಉತ್ತರ: ಬೇಡ. ಕಿತ್ತು ಕಟ್ಟಿದರೆ ಈ ಮೂರು ವಾರ ವ್ಯರ್ಥವಾಗುತ್ತದೆ, ಅದೇ ಕಂದು ಧೂಳು ಮತ್ತೆ ಕಾಣಿಸಿಕೊಳ್ಳುತ್ತದೆ. ಇದು ಡಯಾಟಮ್, ಅಂದರೆ ಮೈಸುತ್ತ ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುವ ಸೂಕ್ಷ್ಮ ಪಾಚಿ. ನೀರಿನಲ್ಲಿ ಸಿಲಿಕೇಟ್ ಇದ್ದು, ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಇನ್ನೂ ನೆಲೆಯೂರದೆ, ಗಿಡಗಳೂ ಬೇರು ಬಿಡದೆ ಇರುವ ಹೊತ್ತು ಅದಕ್ಕೆ ಹೇಳಿ ಮಾಡಿಸಿದ್ದು. ಸಾಮಾನ್ಯವಾಗಿ 4ರಿಂದ 8 ವಾರದೊಳಗೆ ತಾನಾಗಿಯೇ ಹಿಂದೆ ಸರಿಯುತ್ತದೆ.

ಅಲ್ಲಿಯವರೆಗೆ ದೀಪವನ್ನು ದಿನಕ್ಕೆ 6 ಗಂಟೆಗೆ ಇಳಿಸಿ. ವಾರಕ್ಕೆ ಎರಡು ಸಲ ಶೇ. 30ರಿಂದ 40ರಷ್ಟು ನೀರು ಬದಲಿಸಿ. ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಮೆಲ್ಲಗೆ ಸವರಿ, ಎದ್ದ ಕಂದು ಮೋಡ ನೀರಿನಲ್ಲಿ ತೇಲುತ್ತಿರುವಾಗಲೇ ಸೈಫನ್ ಕೊಳವೆಯಿಂದ ಎಳೆದುಬಿಡಿ. ತಳಕ್ಕೆ ಕೂರಲು ಬಿಟ್ಟರೆ ಶ್ರಮ ವ್ಯರ್ಥ. ಇದೇ ಕಂದು ಧೂಳು ಒಂದು ವರ್ಷ ಹಳೆಯ ತೊಟ್ಟಿಯಲ್ಲಿ ಕಾಣಿಸಿದರೆ ಮಾತು ಬೇರೆ. ಆಗ ಫಿಲ್ಟರ್ ಕಟ್ಟಿಕೊಂಡಿದೆಯೇ, ದೀಪ ಹಳತಾಗಿ ಮಂಕಾಗಿದೆಯೇ, ತುಂಬುವ ನೀರಿನ ಮೂಲ ಬದಲಾಗಿದೆಯೇ ಎಂದು ನೋಡಬೇಕು.

ಪ್ರಶ್ನೆ: ತೊಟ್ಟಿಯ ಅಳತೆ 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. 36 ವಾಟ್ ಎಲ್‌ಇಡಿ ದಿನಕ್ಕೆ 11 ಗಂಟೆ ಉರಿಯುತ್ತದೆ. ಇಂಗಾಲದ ಡೈಆಕ್ಸೈಡ್ ಕೊಡುತ್ತಿಲ್ಲ. ಗಿಡಗಳು ಅನುಬಿಯಾಸ್, ಕ್ರಿಪ್ಟೊಕೊರಿನ್, ಸ್ವಲ್ಪ ಜಾವಾ ಪಾಚಿಗಿಡ (ಜಾವಾ ಮಾಸ್). ಎಲ್ಲದರ ಮೇಲೂ ಹಸಿರು ಕೂದಲಿನಂಥ ಎಳೆಗಳು. ಪ್ರತಿ ವಾರ ಒಂದು ಹಿಡಿ ತೆಗೆದರೂ ಮುಗಿಯುತ್ತಿಲ್ಲ. ಗಿಡಗಳಿಗೆ ಬೆಳಕು ಸಾಲದೆಂದು ಇನ್ನೊಂದು ದೀಪ ಕೊಳ್ಳುವ ಯೋಚನೆಯಿದೆ.

ಉತ್ತರ: ಇನ್ನೊಂದು ದೀಪ ಕೊಳ್ಳಬೇಡಿ. ಈಗಿರುವುದೇ ಹೆಚ್ಚಾಗಿದೆ. ಲೆಕ್ಕ ನೋಡೋಣ. ನಿಮ್ಮ ಅಳತೆಗೆ ತೊಟ್ಟಿ 96 ಲೀಟರ್. ಮಣ್ಣು, ಕಲ್ಲು, ಕಟ್ಟಿಗೆ, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ಉಳಿಯುವ ನೀರು ಸುಮಾರು 80 ಲೀಟರ್. (ಗೊಬ್ಬರ, ಔಷಧಿ ಯಾವುದರ ಲೆಕ್ಕಕ್ಕೂ ಈ 80ನ್ನೇ ಹಿಡಿಯಿರಿ.) ಎಲ್‌ಇಡಿ ವಾಟಿಗೆ 90 ಲ್ಯೂಮೆನ್ (ಬೆಳಕಿನ ಅಳತೆ) ಎಂದುಕೊಂಡರೂ 36 ವಾಟಿಗೆ 3,240 ಲ್ಯೂಮೆನ್ ಆಗುತ್ತದೆ, ಅಂದರೆ ಲೀಟರಿಗೆ 40. ನೀವು ಹೇಳಿದ ಗಿಡಗಳಿಗೆ, ಅದೂ ಗ್ಯಾಸ್ (ಇಂಗಾಲದ ಡೈಆಕ್ಸೈಡ್) ಕೊಡದ ತೊಟ್ಟಿಯಲ್ಲಿ, 15ರಿಂದ 20 ಸಾಕು. ಬೇಕಾದ್ದಕ್ಕಿಂತ ಎರಡರಷ್ಟು ಬೆಳಕು, ಅದೂ 11 ಗಂಟೆ.

ಬೆಳಕು ಒಲೆಯ ಉರಿಯಂತೆ. ಉರಿ ದೊಡ್ಡದು ಮಾಡಿ ಪಾತ್ರೆಗೆ ನೀರು ಹಾಕದಿದ್ದರೆ ತಳ ಹತ್ತುತ್ತದೆ. ಬೆಳಕು ಹೆಚ್ಚಾದಷ್ಟೂ ಗಿಡಕ್ಕೆ ಇಂಗಾಲ, ನೈಟ್ರೋಜನ್, ರಂಜಕ, ಪೊಟ್ಯಾಸಿಯಂ, ಕಬ್ಬಿಣ ಎಲ್ಲವೂ ಹೆಚ್ಚು ಬೇಕು. ಇವುಗಳಲ್ಲಿ ಒಂದು ಕಡಿಮೆ ಬಿದ್ದರೂ ಗಿಡದ ಬೆಳವಣಿಗೆ ನಿಲ್ಲುತ್ತದೆ, ಹಳೆಯ ಎಲೆ ಸೊರಗುತ್ತದೆ, ಸೊರಗಿದ ಎಲೆಯಿಂದ ಸಕ್ಕರೆ, ಅಮೋನಿಯಾ ನೀರಿಗೆ ಸೋರುತ್ತವೆ. ಪಾಚಿಗೆ ಬೇಕಾದದ್ದು ಅದೇ. ಅದರ ಮೈ ಚಿಕ್ಕದು, ಹಸಿವೂ ಚಿಕ್ಕದು, ಗಿಡ ಉಪವಾಸ ಬೀಳುವಷ್ಟು ತೆಳು ನೀರಿನಲ್ಲೂ ಅದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಈಗ ಮಾಡಬೇಕಾದದ್ದು. ದೀಪಕ್ಕೆ ಡಿಮ್ಮರ್ ಇದ್ದರೆ ಶೇ. 45ಕ್ಕೆ ಇಳಿಸಿ. ಇಲ್ಲವಾದರೆ ದೀಪವನ್ನು 15 ಸೆಂ.ಮೀ. ಮೇಲೆತ್ತಿ ಕಟ್ಟಿ, ಅಥವಾ ನೀರಿನ ಮೇಲ್ಮೈಯ ಮೂರನೇ ಒಂದು ಭಾಗವನ್ನು ಅಂತರಗಂಗೆ, ಸಾಲ್ವಿನಿಯಾದಂಥ ತೇಲುಗಿಡಗಳಿಂದ ಮುಚ್ಚಿ. ಟೈಮರ್ ಹಾಕಿ ದಿನಕ್ಕೆ 6 ಗಂಟೆ ಮಾತ್ರ ಉರಿಸಿ. ಕೈಯಲ್ಲಿ ಸ್ವಿಚ್ ಹಾಕುವವರ ತೊಟ್ಟಿಯಲ್ಲಿ ದಿನವೂ ಒಂದೊಂದು ಲೆಕ್ಕವಾಗುತ್ತದೆ, ಆ ಏರುಪೇರು ಗಿಡಕ್ಕೆ ಒಗ್ಗುವುದಿಲ್ಲ. ಹೊಸ ಹಲ್ಲುಜ್ಜುವ ಬ್ರಷ್ಷನ್ನು ಎಳೆಗಳ ನಡುವೆ ತಿರುಗಿಸಿ ನೂಲು ಸುತ್ತಿದಂತೆ ಸುತ್ತಿ ತೆಗೆಯಿರಿ. ಮೊದಲ ವಾರ ದಿನ ಬಿಟ್ಟು ದಿನ ಇದನ್ನು ಮಾಡಬೇಕು. ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋದ ಎಲೆಗಳನ್ನು ಬುಡದಿಂದಲೇ ಕತ್ತರಿಸಿ, ಅವು ಚೇತರಿಸಿಕೊಳ್ಳುವುದಿಲ್ಲ.

ಇನ್ನು ನಿಮ್ಮ ಗಿಡಗಳ ಆಯ್ಕೆ. ಅನುಬಿಯಾಸ್, ಕ್ರಿಪ್ಟೊಕೊರಿನ್ ಎರಡೂ ನಿಧಾನ ಬೆಳೆಯುವವು. ನೀರಿನ ಪೋಷಕಾಂಶವನ್ನು ಬೇಗ ಎಳೆದುಕೊಳ್ಳುವ ಗಿಡ ತೊಟ್ಟಿಯಲ್ಲಿ ಒಂದೂ ಇಲ್ಲ. ಹೈಗ್ರೋಫಿಲಾ, ಲಿಮ್ನೋಫಿಲಾ, ವಾಟರ್ ಸ್ಪ್ರೈಟ್, ಹಾರ್ನ್‌ವರ್ಟ್ ಇವುಗಳಲ್ಲಿ ಯಾವುದಾದರೂ ಎರಡನ್ನು, ತಳದ ಅರ್ಧ ಜಾಗ ತುಂಬುವಷ್ಟು ನೆಡಿ. ನಾಲ್ಕು ವಾರ ಹೀಗೆ ನಡೆಸಿ, ಹೊಸ ಎಲೆಗಳಲ್ಲಿ ಎಳೆ ಕಾಣದಿದ್ದರೆ ವಾರಕ್ಕೆ ಅರ್ಧ ಗಂಟೆಯಂತೆ ದೀಪದ ಹೊತ್ತನ್ನು 8 ಗಂಟೆಯವರೆಗೆ ಏರಿಸಬಹುದು. ಹಳೆಯ ಎಲೆ ನೋಡಿ ಎದೆಗುಂದಬೇಡಿ, ಹೊಸ ಎಲೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಗಾಜಿನ ಮೇಲೆ ಮತ್ತು ಅನುಬಿಯಾಸ್ ಎಲೆಯ ಮೇಲೆ ಗಟ್ಟಿ ಹಸಿರು ಚುಕ್ಕೆಗಳು. ಸ್ಪಂಜಿಗೆ ಜಗ್ಗುವುದಿಲ್ಲ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ತಂದರೆ ಪಾಚಿ ಸಾಯುತ್ತದೆಂದು ಕೇಳಿ ಫಾಸ್ಫೇಟ್ ಹೀರುವ ಪುಡಿ ಹಾಕಿದ್ದೇನೆ. ಚುಕ್ಕೆ ಇನ್ನೂ ಹೆಚ್ಚಾಗಿದೆ.

ಉತ್ತರ: ಹೆಚ್ಚಾಗಲೇಬೇಕು. ಹಸಿರು ಚುಕ್ಕೆ ಪಾಚಿ ಬರುವುದೇ ಬೆಳಕಿಗೆ ಹೋಲಿಸಿದರೆ ಫಾಸ್ಫೇಟ್ ಕಡಿಮೆ ಬಿದ್ದಾಗ. ಮೀನು ಮಾತ್ರ ಇರುವ ತೊಟ್ಟಿಗೆ ಸಲ್ಲುವ ಮಾತನ್ನು ಗಿಡದ ತೊಟ್ಟಿಗೆ ಹೇಳಿದ್ದಾರೆ. ಗಿಡಕ್ಕೆ ಫಾಸ್ಫೇಟ್ ಬೇಕೇ ಬೇಕು. ಸೊನ್ನೆಗೆ ಇಳಿಸಿದರೆ ಮೊದಲು ನಿಲ್ಲುವುದು ಗಿಡ, ಪಾಚಿಯಲ್ಲ. ಆ ಪುಡಿಯನ್ನು ಇಂದೇ ಫಿಲ್ಟರಿನಿಂದ ತೆಗೆಯಿರಿ.

ನೀರುಗಿಡ ತಜ್ಞ ಟಾಮ್ ಬಾರ್ ರೂಪಿಸಿದ, ಗೊಬ್ಬರ ಹಾಕುವ ಎಸ್ಟಿಮೇಟಿವ್ ಇಂಡೆಕ್ಸ್ ಪದ್ಧತಿಯ ತಿರುಳು ಇದೇ: ಯಾವ ಪೋಷಕಾಂಶವೂ ಕಡಿಮೆ ಬೀಳದಷ್ಟು ಕೊಡು, ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ ಉಳಿಕೆ ಶೇಖರವಾಗದಂತೆ ನೋಡು. ಗುರಿಯಾಗಿ ನೈಟ್ರೇಟ್ 10ರಿಂದ 20 ಪಿಪಿಎಂ (ಲೀಟರ್ ನೀರಿಗೆ ಮಿಲಿಗ್ರಾಂ), ಫಾಸ್ಫೇಟ್ 1ರಿಂದ 2, ಪೊಟ್ಯಾಸಿಯಂ 10ರಿಂದ 20, ಕಬ್ಬಿಣ 0.1ರಿಂದ 0.3 ಇಟ್ಟುಕೊಳ್ಳಿ. ಗ್ಯಾಸ್ ಇಲ್ಲದ, ಮಂದ ಬೆಳಕಿನ ತೊಟ್ಟಿಗೆ ಇದರ ಮೂರನೇ ಒಂದು ಭಾಗ ಸಾಕು.

ಒಣ ಲವಣದಿಂದ ದ್ರಾವಣ ಮಾಡಿಕೊಂಡರೆ ಅಳತೆ ಸುಲಭ. ಒಂದು ಬಾಟಲಿಯಲ್ಲಿ 7.5 ಗ್ರಾಂ ಮಾನೊಪೊಟ್ಯಾಸಿಯಂ ಫಾಸ್ಫೇಟ್ ಹಾಕಿ ಡಿಸ್ಟಿಲ್ಡ್ ನೀರು ಸೇರಿಸಿ ಒಟ್ಟು 500 ಮಿ.ಲೀ. ಮಾಡಿ. ಇದರಲ್ಲಿ 1 ಮಿ.ಲೀ. ಹಾಕಿದರೆ 10 ಲೀಟರ್ ನೀರಿನಲ್ಲಿ ಫಾಸ್ಫೇಟ್ ಸುಮಾರು 1 ಪಿಪಿಎಂ ಏರುತ್ತದೆ. ಇನ್ನೊಂದು ಬಾಟಲಿಯಲ್ಲಿ 50 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, ಹಾಗೆಯೇ ಒಟ್ಟು 500 ಮಿ.ಲೀ. ಇದರ 1 ಮಿ.ಲೀ. 10 ಲೀಟರಿನಲ್ಲಿ ನೈಟ್ರೇಟನ್ನು 6 ಪಿಪಿಎಂ, ಪೊಟ್ಯಾಸಿಯಂ ಅನ್ನು ಸುಮಾರು 4 ಪಿಪಿಎಂ ಏರಿಸುತ್ತದೆ. ಕಬ್ಬಿಣ ಮತ್ತು ಇತರ ಸೂಕ್ಷ್ಮ ಪೋಷಕಾಂಶಗಳ ದ್ರಾವಣ ಮೂರನೆಯ ಬಾಟಲಿಯಲ್ಲಿ ಇರಲಿ. ಫಾಸ್ಫೇಟಿನ ಜೊತೆ ಬೆರೆಸಿಟ್ಟರೆ ಕಬ್ಬಿಣ ಫಾಸ್ಫೇಟಾಗಿ ತಳಕ್ಕೆ ಕೂತು ಎರಡೂ ನಷ್ಟ. ಒಂದು ದಿನ ಒಂದು, ಮರುದಿನ ಇನ್ನೊಂದು ಎಂದು ಹಾಕುವುದು ಇದೇ ಕಾರಣಕ್ಕೆ. ಬಾಟಲಿಗಳಿಗೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಕತ್ತಲಲ್ಲಿಡಿ.

ಈಗಾಗಲೇ ಬಂದ ಚುಕ್ಕೆ ಫಾಸ್ಫೇಟ್ ಹಾಕಿದ ಮಾತ್ರಕ್ಕೆ ಉದುರುವುದಿಲ್ಲ. ಗಾಜನ್ನು ಬ್ಲೇಡಿನಿಂದ ಕೆರೆಯಿರಿ, ಅಂಚಿನ ಸಿಲಿಕೋನ್ ಅಂಟಿಗೆ ತಾಗದಂತೆ 1 ಸೆಂ.ಮೀ. ದೂರ ನಿಲ್ಲಿಸಿ. ತೊಟ್ಟಿ ಅಕ್ರಿಲಿಕ್ ಆಗಿದ್ದರೆ ಲೋಹದ ಬ್ಲೇಡ್ ಬೇಡ, ಗೀರು ಬೀಳುತ್ತದೆ. ಅನುಬಿಯಾಸನ್ನು ದೊಡ್ಡ ಗಿಡದ ನೆರಳಿಗೆ ಸರಿಸಿ.

ಪ್ರಶ್ನೆ: ಹಳೆಯ ಎಲೆಗಳ ಅಂಚು, ಕಟ್ಟಿಗೆ, ಫಿಲ್ಟರಿನ ಕೊಳವೆಯ ಬಾಯಿ, ಎಲ್ಲ ಕಡೆ ಕಪ್ಪು ಗಡ್ಡದಂಥ ಗೊಂಚಲು. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಕೊಡುತ್ತಿದ್ದೇನೆ, ಗೊಬ್ಬರವೂ ಸರಿಯಾಗಿದೆ. ಕೈಯಿಂದ ಎಳೆದರೆ ಎಲೆಯೇ ಹರಿದು ಬರುತ್ತದೆ.

ಉತ್ತರ: ಕಪ್ಪು ಗಡ್ಡ ಪಾಚಿ. ಕಣ್ಣಿಗೆ ಕಪ್ಪಾದರೂ ಇದು ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ಒಂದು ಗೊಂಚಲನ್ನು ಸ್ಪಿರಿಟ್ಟಿನಲ್ಲಿ ನೆನೆಸಿಟ್ಟರೆ ಹಸಿರು ಬಣ್ಣ ಕರಗಿ ಕೆಂಪು ಉಳಿಯುತ್ತದೆ. ಅನುಮಾನವಿದ್ದವರು ಹೀಗೆ ಖಚಿತಪಡಿಸಿಕೊಳ್ಳಬಹುದು.

ಗ್ಯಾಸ್ ಕೊಡುವ ತೊಟ್ಟಿಯಲ್ಲಿ ಇದು ಬಂದರೆ ಮೊದಲ ಅನುಮಾನ ಗ್ಯಾಸಿನ ಏರಿಳಿತದ ಮೇಲೆಯೇ. ಎರಡನೆಯದು ಕೊಳೆ: ಫಿಲ್ಟರಿನಲ್ಲಿ, ಮಣ್ಣಿನ ಮೇಲೆ ಕೂತ ಕಸ, ತಿನ್ನದೆ ಉಳಿದ ಆಹಾರ. ಗಿಡ ಇಂದು 30 ಪಿಪಿಎಂ ಗ್ಯಾಸಿಗೆ ಹೊಂದಿಕೊಂಡರೆ, ನಾಳೆ 12ಕ್ಕೆ ಇಳಿದಾಗ ತನ್ನ ಒಳಗಿನ ವ್ಯವಸ್ಥೆ ಬದಲಿಸಿಕೊಳ್ಳಲು ದಿನಗಳು ಬೇಕು. ಆ ನಡುವೆ ಹಳೆಯ ಎಲೆಗಳು ಸೊರಗುತ್ತವೆ, ಗಡ್ಡ ಬೆಳೆಯುವುದು ಅಲ್ಲೇ.

ಗ್ಯಾಸ್ ದೀಪ ಹೊತ್ತುವ 1ರಿಂದ 2 ಗಂಟೆ ಮೊದಲೇ ಶುರುವಾಗಬೇಕು, ದೀಪ ಆರುವ ಒಂದು ಗಂಟೆ ಮೊದಲು ನಿಲ್ಲಬೇಕು. ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವನ್ನು ಟೈಮರಿಗೆ ಜೋಡಿಸದೆ ಇದು ನಿತ್ಯ ಸಾಧ್ಯವಿಲ್ಲ. ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಡಿಫ್ಯೂಸರಿನ ಸೆರಾಮಿಕ್ ಬಿಲ್ಲೆ ತಿಂಗಳಿಗೊಮ್ಮೆ ಬ್ಲೀಚಿನಲ್ಲಿ ನೆನೆಸಿ ತೊಳೆಯಿರಿ. ಅದು ಕಟ್ಟಿಕೊಂಡರೆ ಗುಳ್ಳೆ ದೊಡ್ಡದಾಗಿ, ಕರಗದೆ ಮೇಲೇರಿ ಹೋಗುತ್ತದೆ. ಎಷ್ಟೋ ತೊಟ್ಟಿಗಳಲ್ಲಿ ಗುಳ್ಳೆಯ ಎಣಿಕೆ ಸರಿಯಿದ್ದರೂ ಗ್ಯಾಸ್ ಸಾಲದಿರುವುದು ಇದರಿಂದಲೇ. ಫಿಲ್ಟರಿನ ಹರಿವು ತೊಟ್ಟಿಯ ನೀರನ್ನು ಗಂಟೆಗೆ 5ರಿಂದ 10 ಸಲ ತಿರುಗಿಸುವಷ್ಟಿರಲಿ. ಮೂಲೆಯ ಗಿಡದ ಎಲೆಯೂ ಮೆಲ್ಲಗೆ ಅಲುಗಬೇಕು. ಅಲುಗದ ಎಲೆಗೆ ಗ್ಯಾಸ್ ತಲುಪಿಲ್ಲ ಎಂದೇ ತಿಳಿಯಿರಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕ್ಲೋರಿನ್ ಇರುವ ನಲ್ಲಿ ನೀರಿಗೆ ಹಿಡಿದರೆ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತದೆ.

ಇರುವ ಗೊಂಚಲುಗಳಿಗೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿಯ ಮೇಲೆ ಶೇ. 6 ಎಂದಿದ್ದರೆ ಅಷ್ಟೇ ಡಿಸ್ಟಿಲ್ಡ್ ನೀರು ಸೇರಿಸಿ ಅರ್ಧಕ್ಕಿಳಿಸಿ. ಫಿಲ್ಟರ್ ನಿಲ್ಲಿಸಿ, ನೀರು ನಿಶ್ಚಲವಾದ ಮೇಲೆ ಸಿರಿಂಜಿನಿಂದ ಗೊಂಚಲಿನ ಮೇಲೆಯೇ ನಿಧಾನವಾಗಿ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ. 10 ನಿಮಿಷ ಬಿಟ್ಟು ಫಿಲ್ಟರ್ ಹಾಕಿ. 100 ಲೀಟರಿಗೆ ದಿನಕ್ಕೆ 25 ಮಿ.ಲೀ.ನಿಂದ ಶುರು ಮಾಡಿ, 40 ಮಿ.ಲೀ. ದಾಟಬೇಡಿ. ದಿನ ಬಿಟ್ಟು ದಿನ ಮೂರು ನಾಲ್ಕು ಸಲ, ಪ್ರತಿ ಸಲ ಬೇರೆ ಜಾಗಕ್ಕೆ. ಗೊಂಚಲು 2ರಿಂದ 4 ದಿನದಲ್ಲಿ ಗುಲಾಬಿಗೆ ತಿರುಗಿ ಬಿಳಿಚಿಕೊಂಡರೆ ಸತ್ತಿದೆ ಎಂದರ್ಥ. ಹೀಗೆ ಬಣ್ಣಗೆಟ್ಟದ್ದನ್ನು ಸಿಗಡಿಗಳು ಕಿತ್ತು ತಿನ್ನುತ್ತವೆ. ಜಾವಾ ಪಾಚಿಗಿಡ, ರಿಕ್ಸಿಯಾ, ವ್ಯಾಲಿಸ್ನೇರಿಯಾದ ಮೇಲೆ ನೇರವಾಗಿ ಬಿಡಬೇಡಿ, ಅವೂ ಸುಡುತ್ತವೆ. ಕಟ್ಟಿಗೆ, ಕಲ್ಲಿಗೆ ಇನ್ನೂ ಒಳ್ಳೆಯ ದಾರಿಯಿದೆ: ನೀರು ಬದಲಿಸಲು ಮಟ್ಟ ಇಳಿಸಿದಾಗ ಅವು ಗಾಳಿಗೆ ತೆರೆದುಕೊಳ್ಳುತ್ತವಲ್ಲ, ಆಗ ಕುಂಚದಿಂದ ಪೆರಾಕ್ಸೈಡ್ ಹಚ್ಚಿ 5 ನಿಮಿಷ ಬಿಟ್ಟು ನೀರು ತುಂಬಿ.

‘ದ್ರವ ಕಾರ್ಬನ್’ ಎಂದು ಮಾರುವ ಬಾಟಲಿಗಳಲ್ಲಿ ಹಲವು ಗ್ಲುಟರಾಲ್ಡಿಹೈಡ್. ಆಸ್ಪತ್ರೆಯ ಉಪಕರಣಗಳ ಸೋಂಕು ನಿವಾರಣೆಗೆ ಬಳಸುವ ರಾಸಾಯನಿಕವದು. ಗಡ್ಡ ಪಾಚಿಯನ್ನು ಕೊಲ್ಲುತ್ತದೆ, ನಿಜ. ಆದರೆ ಗ್ಯಾಸಿಗೆ ಬದಲಿಯಲ್ಲ, ಕೈಗವಸು ಹಾಕದೆ ಮುಟ್ಟಬಾರದು, ಆವಿ ಉಸಿರಾಡಬಾರದು. ಪೆರಾಕ್ಸೈಡ್ ಇರುವಾಗ ನಾವು ಅದನ್ನು ಸೂಚಿಸುವುದಿಲ್ಲ. ಎರಡನ್ನೂ ಒಂದೇ ದಿನ ಹಾಕುವುದಂತೂ ಬೇಡ.

ಇದೇ ಪಾಚಿಯ ಬಗ್ಗೆ ಗ್ಯಾಸ್ ಇಲ್ಲದ ತೊಟ್ಟಿಯವರೂ ಒಬ್ಬರು ಕೇಳಿದ್ದಾರೆ. ನಲ್ಲಿ ನೀರಿನಲ್ಲಿ ಕರಗಿದ ಗ್ಯಾಸ್ ಹೆಚ್ಚಿರಬಹುದು. ವಾರಕ್ಕೆ ಎರಡು ಸಲ ಅರ್ಧ ತೊಟ್ಟಿ ಬದಲಿಸಿದರೆ ಗ್ಯಾಸ್ ಏರಿಳಿಯುತ್ತದೆ. ನೀರನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ಏರ್ ಪಂಪ್ ಹಾಕಿ ಇಟ್ಟು, ವಾರಕ್ಕೊಮ್ಮೆ ಶೇ. 20ರಿಂದ 25 ಮಾತ್ರ ಬದಲಿಸಿ.

ಪ್ರಶ್ನೆ: ಪಿಎಚ್ 6.6, ಕೆಎಚ್ (ನೀರಿನ ಕಾರ್ಬನೇಟ್ ಗಡಸುತನ) 4. ಇವೆರಡನ್ನು ಹೊಂದಿಸಿ ನೋಡುವ ಪಟ್ಟಿಯ ಪ್ರಕಾರ ಗ್ಯಾಸ್ 30 ಪಿಪಿಎಂ ಇರಬೇಕು. ಗ್ಯಾಸಿನ ಮಟ್ಟವನ್ನು ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್ ಮಾತ್ರ ನೀಲಿ ತೋರಿಸುತ್ತಿದೆ. ಯಾವುದನ್ನು ನಂಬಲಿ?

ಉತ್ತರ: ಡ್ರಾಪ್ ಚೆಕರನ್ನು, ಅದರೊಳಗಿನ ದ್ರಾವಣ ಸರಿಯಿದ್ದರೆ. ಪಟ್ಟಿಯ ಸೂತ್ರ ಕೆಎಚ್‌ನ ಮೂರರಷ್ಟನ್ನು, 7ರಿಂದ ಪಿಎಚ್ ಕಳೆದು ಬಂದ ಸಂಖ್ಯೆಯ ಘಾತಕ್ಕೆ ಏರಿಸಿದ 10ರಿಂದ ಗುಣಿಸುತ್ತದೆ. ನಿಮ್ಮ ಅಂಕಿಗೆ ಅದು 30ನ್ನೇ ಕೊಡುತ್ತದೆ. ಆದರೆ ಪಿಎಚ್ ಇಳಿಸಿದ್ದು ಗ್ಯಾಸ್ ಒಂದೇ ಎಂಬ ಊಹೆ ಅದರ ಹಿಂದಿದೆ. ಕಟ್ಟಿಗೆಯ ಟ್ಯಾನಿನ್, ಪೀಟ್, ಪಿಎಚ್ ಇಳಿಸುವ ಮಣ್ಣು ಇದ್ದರೆ ಲೆಕ್ಕ ತಪ್ಪುತ್ತದೆ.

ಡ್ರಾಪ್ ಚೆಕರಿಗೆ ತೊಟ್ಟಿಯ ನೀರು ತುಂಬಿದ್ದರೆ ಅದೂ ಅದೇ ತಪ್ಪನ್ನು ಮಾಡುತ್ತದೆ. ಅದಕ್ಕೆ 4 ಡಿಗ್ರಿ ಕೆಎಚ್ ದ್ರಾವಣವೇ ಬೇಕು. ಮನೆಯಲ್ಲಿ ಮಾಡಲು 1.2 ಗ್ರಾಂ ಶುದ್ಧ ಸೋಡಿಯಂ ಬೈಕಾರ್ಬನೇಟನ್ನು 1 ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ 40 ಡಿಗ್ರಿ. ಅದರಿಂದ 100 ಮಿ.ಲೀ. ತೆಗೆದು 900 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಸೇರಿಸಿದರೆ 4 ಡಿಗ್ರಿ. ಅದಕ್ಕೆ ಬ್ರೋಮೊಥೈಮಾಲ್ ಬ್ಲೂ ಸೂಚಕದ ಎರಡು ಮೂರು ಹನಿ. ನೀಲಿ ಎಂದರೆ ಗ್ಯಾಸ್ ಕಡಿಮೆ, ಎಲೆಹಸಿರು ಎಂದರೆ ಸುಮಾರು 30, ಹಳದಿ ಎಂದರೆ ಅಪಾಯ. ಬಣ್ಣ ಬದಲಾಗಲು 1ರಿಂದ 2 ಗಂಟೆ ಹಿಡಿಯುತ್ತದೆ. ಹಾಗಾಗಿ ಗ್ಯಾಸನ್ನು ದಿನಕ್ಕೆ ಸ್ವಲ್ಪವೇ ಏರಿಸಿ, ಮನೆಯಲ್ಲಿ ಇರುವ ದಿನವೇ ಏರಿಸಿ. ಮೀನು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದರೆ ಬಣ್ಣ ನೋಡುತ್ತಾ ನಿಲ್ಲಬೇಡಿ: ಗ್ಯಾಸ್ ಬಂದ್ ಮಾಡಿ, ಏರ್ ಪಂಪ್ ಹಾಕಿ, ಅರ್ಧ ನೀರು ಬದಲಿಸಿ.

ಪ್ರಶ್ನೆ: ಮಣ್ಣಿನ ಮೇಲೆ, ಗಿಡಗಳ ಬುಡದಲ್ಲಿ ನೀಲಿಹಸಿರು ಲೋಳೆಯ ಹಾಳೆ. ಕೈಹಾಕಿದರೆ ಹಾಳೆಯಂತೆಯೇ ಎದ್ದು ಬರುತ್ತದೆ, ಕೆಟ್ಟ ವಾಸನೆ. ಆಂಟಿಬಯೋಟಿಕ್ ಮಾತ್ರೆ ಹಾಕಬಹುದೇ?

ಉತ್ತರ: ಇದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಆದ್ದರಿಂದಲೇ ಎರಿಥ್ರೊಮೈಸಿನ್‌ನಂಥ ಔಷಧಿಗೆ ಸಾಯುತ್ತದೆ. ಹಾಗಿದ್ದೂ ನಾವು ಬೇಡ ಎನ್ನುವುದು ಎರಡು ಕಾರಣಕ್ಕೆ. ಮನುಷ್ಯರಿಗೆ ಬೇಕಾದ ಔಷಧಿಯನ್ನು ತೊಟ್ಟಿಗೆ ಸುರಿದು, ಆ ನೀರನ್ನು ಚರಂಡಿಗೆ ಬಿಟ್ಟರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ದಾರಿಯಾಗುತ್ತದೆ. ಜೊತೆಗೆ, ಅದು ಬರಲು ಕಾರಣವಾದ ಕೊಳೆ ಹಾಗೆಯೇ ಉಳಿಯುವುದರಿಂದ ತಿಂಗಳಲ್ಲಿ ಮರಳಿ ಬರುತ್ತದೆ.

ಸಾಮಾನ್ಯ ಕಾರಣಗಳು ಮೂರು: ನೈಟ್ರೇಟ್ ತಳ ಕಂಡಿರುವುದು, ನೀರಿನ ಹರಿವು ತಲುಪದ ಮೂಲೆ, ಮಣ್ಣಿನಲ್ಲಿ ಕೂತ ಕಸ. ಮೊದಲ ದಿನ ಹಾಳೆಯನ್ನು ಸೈಫನಿನಿಂದ ಆದಷ್ಟು ಎಳೆದು, ಮಣ್ಣಿನ ಮೇಲ್ಪದರ ಸ್ವಚ್ಛಮಾಡಿ, ಅರ್ಧ ನೀರು ಬದಲಿಸಿ. ನೈಟ್ರೇಟ್ 5 ಪಿಪಿಎಂಗಿಂತ ಕಡಿಮೆಯಿದ್ದರೆ 10ಕ್ಕೆ ಏರಿಸಿ. 80 ಲೀಟರಿನಲ್ಲಿ 10 ಪಿಪಿಎಂ ಏರಲು 1.3 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಬೇಕು. ನಂತರ ದೀಪ ಆರಿಸಿ, ಗ್ಯಾಸ್ ನಿಲ್ಲಿಸಿ, ಏರ್ ಪಂಪ್ ಹಾಕಿ, ತೊಟ್ಟಿಯನ್ನು ದಪ್ಪ ಕಪ್ಪು ಬಟ್ಟೆಯಿಂದ ಎಲ್ಲ ಕಡೆ ಮುಚ್ಚಿ ಮೂರು ದಿನ ಬಿಡಿ. ಇಣುಕಬೇಡಿ, ಆಹಾರ ಹಾಕಬೇಡಿ. ಆರೋಗ್ಯವಂತ ದೊಡ್ಡ ಮೀನುಗಳು ಮೂರು ದಿನದ ಉಪವಾಸ ತಡೆಯುತ್ತವೆ, ಆದರೆ ಮರಿಗಳಿದ್ದರೆ ಮೊದಲೇ ಬೇರೆ ಕಡೆ ಸಾಗಿಸಿ. ನಾಲ್ಕನೆಯ ದಿನ ತೆರೆದು ಮತ್ತೆ ಅರ್ಧ ನೀರು ಬದಲಿಸಿ, ಸತ್ತ ಲೋಳೆಯನ್ನು ಎಳೆಯಿರಿ. ಇದನ್ನು ಬಿಟ್ಟರೆ ಅದು ಕೊಳೆತು ಅಮೋನಿಯಾ ಆಗುತ್ತದೆ. ಕಿಟಕಿಯ ಬಿಸಿಲು ಬೀಳುವ ಕಡೆ ಗಾಜಿಗೂ ಮಣ್ಣಿಗೂ ನಡುವಿನ ಪಟ್ಟಿಯಲ್ಲಿ ಇದು ಉಳಿದುಕೊಳ್ಳುತ್ತದೆ. ಅಲ್ಲಿ ಗಾಜಿನ ಹೊರಗೆ ಮಣ್ಣಿನ ಮಟ್ಟದವರೆಗೆ ಕಪ್ಪು ಟೇಪ್ ಅಂಟಿಸಿದರೆ ಸಾಕು.

ಪ್ರಶ್ನೆ: ಮಣ್ಣು ಕೆದಕಿ ಗಿಡ ಜಾಗ ಬದಲಿಸಿದ ವಾರಕ್ಕೇ ನೀರು ಹಸಿರಾಯಿತು, ಮೀನು ಕಾಣುತ್ತಿಲ್ಲ. ದಿನವೂ ನೀರು ಬದಲಿಸಿದರೂ ತಿಳಿಯಾಗಿಲ್ಲ.

ಉತ್ತರ: ಮಣ್ಣಿನಲ್ಲಿ ಅಡಗಿದ್ದ ಅಮೋನಿಯಾ ಕೆದಕಿದಾಗ ನೀರಿಗೆ ಬಂತು, ತೇಲುವ ಒಂಟಿಕೋಶದ ಪಾಚಿ ಅದನ್ನು ಹಿಡಿದು ಹಬ್ಬಿತು. ಅರ್ಧ ನೀರು ತೆಗೆದರೆ ಅರ್ಧ ಪಾಚಿ ಹೋಯಿತೇ ಹೊರತು, ಉಳಿದದ್ದು ಬೇಗ ದುಪ್ಪಟ್ಟಾಗುತ್ತದೆ. ಜೊತೆಗೆ ಹೊಸ ನೀರಿನ ಪೋಷಕಾಂಶ ಬೇರೆ. ಹರಿಯುವ ನೀರಿಗೆ ನೇರಳಾತೀತ ಬೆಳಕು ಹಾಯಿಸುವ ಯುವಿ ಸ್ಟೆರಿಲೈಜರ್ ಇದಕ್ಕೆ ನೇರ ಪರಿಹಾರ, ಹರಿವು ನಿಧಾನವಾಗಿಟ್ಟರೆ ಸಾಮಾನ್ಯವಾಗಿ ಒಂದು ವಾರದೊಳಗೆ ನೀರು ತಿಳಿಯಾಗುತ್ತದೆ. ಗಾಜಿಗೆ, ಎಲೆಗೆ ಅಂಟಿದ ಪಾಚಿಗೆ ಯುವಿಯಿಂದ ಏನೂ ಆಗದು, ಆ ಆಸೆಯಿಂದ ಕೊಳ್ಳಬೇಡಿ. ಯುವಿ ಇಲ್ಲದಿದ್ದರೆ ಮೇಲೆ ಹೇಳಿದ ಕತ್ತಲ ಚಿಕಿತ್ಸೆಯನ್ನು 4 ದಿನ ಮಾಡಿ, ಏರ್ ಪಂಪ್ ಮರೆಯಬೇಡಿ. ಸಾಯುವ ಪಾಚಿ ಆಮ್ಲಜನಕವನ್ನು ತೀವ್ರವಾಗಿ ಎಳೆಯುತ್ತದೆ. ಹಸಿರು ನೀರು ತಾನಾಗಿ ಮೀನಿಗೆ ವಿಷವಲ್ಲ. ತೆಗೆಯುವ ನೀರನ್ನು ಒಂದು ಬಕೆಟ್ಟಿನಲ್ಲಿಟ್ಟರೆ ಮೀನಿಗೆ ಜೀವಂತ ಆಹಾರವಾದ ಡಾಫ್ನಿಯಾ ಸಾಕಲು ಅದಕ್ಕಿಂತ ಒಳ್ಳೆಯ ಮೇವಿಲ್ಲ.

ಪ್ರಶ್ನೆ: ಗಾಜಿನ ಮೇಲೆ ಹಸಿರು ಧೂಳಿನ ಪರದೆ. ಒರೆಸಿದ ಮರುದಿನವೇ ಹಾಜರು.

ಉತ್ತರ: ಒರೆಸಿದಾಗ ಅದರ ಈಜುವ ಬೀಜಕಣಗಳು ನೀರಿಗೆ ಹರಡಿ ಕೆಲವೇ ಗಂಟೆಯಲ್ಲಿ ಮತ್ತೆ ಗಾಜಿಗೆ ಕೂರುತ್ತವೆ. ಕಷ್ಟವೆನಿಸಿದರೂ 3ರಿಂದ 4 ವಾರ ಮುಟ್ಟದೆ ಬಿಡಿ. ಪರದೆ ದಪ್ಪವಾಗಿ, ಬಣ್ಣ ಮಾಸಿ, ಸಿಪ್ಪೆಯಂತೆ ಕಳಚುವ ಹಂತಕ್ಕೆ ಬಂದಾಗ ನೀರಿನ ಮಟ್ಟ ಇಳಿಸಿ, ಒದ್ದೆ ಕಾಗದದಿಂದ ಒರೆಸಿ ಹೊರಗೆ ತೆಗೆದು, ಅರ್ಧ ನೀರು ಬದಲಿಸಿ.

ಪ್ರಶ್ನೆ: ಪಾಚಿ ತಿನ್ನುವ ಮೀನು ಎಂದು ಕೊಟ್ಟದ್ದು ಈಗ ಬೇರೆ ಮೀನುಗಳ ಮೈಗೆ ಅಂಟಿಕೊಳ್ಳುತ್ತಿದೆ. ಯಾವುದನ್ನು ಸಾಕಬೇಕು?

ಉತ್ತರ: ನಿಮಗೆ ಸಿಕ್ಕಿರುವುದು ಬಹುಶಃ ಚೈನೀಸ್ ಆಲ್ಗೆ ಈಟರ್. ಮರಿಯಿದ್ದಾಗ ಪಾಚಿ ತಿನ್ನುತ್ತದೆ, ದೊಡ್ಡದಾದಂತೆ ಚಪ್ಪಟೆ ಮೀನುಗಳ ಮೈಲೋಳೆ ಹೀರಲು ಹೋಗುತ್ತದೆ, 25 ಸೆಂ.ಮೀ. ಮುಟ್ಟಬಲ್ಲದು. ಹೆಸರಿನಲ್ಲಿ ಹೋಲುವ ಸಯಾಮೀಸ್ ಆಲ್ಗೆ ಈಟರ್ ಬೇರೆಯೇ. ಅದರ ಕಪ್ಪು ಪಟ್ಟೆ ಮೂತಿಯಿಂದ ಬಾಲದ ರೆಕ್ಕೆಯ ತುದಿಯವರೆಗೂ ಓಡುತ್ತದೆ, ರೆಕ್ಕೆಗಳು ಬಣ್ಣವಿಲ್ಲದೆ ಪಾರದರ್ಶಕ. ಕಪ್ಪು ಗಡ್ಡ ಪಾಚಿಯನ್ನು ತಿನ್ನುವ ಕೆಲವೇ ಮೀನುಗಳಲ್ಲಿ ಅದೊಂದು. ಆದರೆ 15 ಸೆಂ.ಮೀ. ಬೆಳೆಯುತ್ತದೆ, 100 ಲೀಟರಿಗೆ ತಕ್ಕದ್ದಲ್ಲ.

ಸಣ್ಣ ತೊಟ್ಟಿಗೆ ಅಮಾನೊ ಸಿಗಡಿಯೇ ಮೇಲು. ಜಪಾನಿನ ತಕಾಶಿ ಅಮಾನೊ ತಮ್ಮ ಗಿಡದ ತೊಟ್ಟಿಗಳಲ್ಲಿ ಬಳಸಿ ಪ್ರಸಿದ್ಧಗೊಳಿಸಿದ ಈ ಸಿಗಡಿ ಕೂದಲು ಪಾಚಿಯನ್ನು ಚೆನ್ನಾಗಿ ತಿನ್ನುತ್ತದೆ. 10 ಲೀಟರಿಗೆ ಒಂದರ ಲೆಕ್ಕದಲ್ಲಿ ಬಿಡಿ. ಗಾಜಿನ ಚುಕ್ಕೆಗೆ ನೆರೈಟ್ ಬಸವನಹುಳು. ಅದರ ಬಿಳಿ ಮೊಟ್ಟೆ ಕಟ್ಟಿಗೆಗೆ ಅಂಟುವುದೊಂದು ತೊಂದರೆ, ಸಿಹಿನೀರಿನಲ್ಲಿ ಮರಿಯಾಗುವುದಿಲ್ಲ. ಆಟೊಸಿಂಕ್ಲಸ್ ಸಾಧು ಮೀನು, ಕನಿಷ್ಠ ಆರರ ಗುಂಪು ಬೇಕು. ಮೂರು ತಿಂಗಳಾದರೂ ಹಳೆಯದಾಗದ ತೊಟ್ಟಿಗೆ ತಂದರೆ ಹಸಿವಿನಿಂದ ಸಾಯುತ್ತವೆ. ಗಾಜು ಹೊಳೆಯುವಷ್ಟು ಸ್ವಚ್ಛವಾದ ಮೇಲೆ ಬೇಯಿಸಿದ ಸೌತೆಯಂಥ ತರಕಾರಿ ಕೊಡುವುದು ಅವುಗಳನ್ನು ತಂದವರ ಹೊಣೆ.

ಪ್ರಶ್ನೆ: ಪಾಚಿನಾಶಕ ದ್ರಾವಣ ಹಾಕಿ ಒಂದೇ ದಿನದಲ್ಲಿ ಮುಗಿಸಬಹುದಲ್ಲ?

ಉತ್ತರ: ಹಲವು ಪಾಚಿನಾಶಕಗಳಲ್ಲಿ ತಾಮ್ರವಿರುತ್ತದೆ, ಸಿಗಡಿ, ಬಸವನಹುಳು ಉಳಿಯುವುದಿಲ್ಲ. ಒಟ್ಟಿಗೇ ಸತ್ತ ಪಾಚಿ ಕೊಳೆತು ರಾತ್ರೋರಾತ್ರಿ ಆಮ್ಲಜನಕ ಇಳಿಯುತ್ತದೆ. ಗಿಡಗಳಿಗೂ ಪೆಟ್ಟು. ಬೇಡ.

ಪ್ರಶ್ನೆ: ಹೊಸ ಗಿಡದ ಜೊತೆ ಪಾಚಿ ಬರದಂತೆ ತಡೆಯುವುದು ಹೇಗೆ?

ಉತ್ತರ: ಪ್ರಯೋಗಾಲಯದಲ್ಲಿ ಜೆಲ್ಲಿಯಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಡಬ್ಬಿಯ ಗಿಡವಾದರೆ ಜೆಲ್ಲಿ ತೊಳೆದು ನೇರ ನೆಡಬಹುದು, ಅದರಲ್ಲಿ ಪಾಚಿಯಿರುವುದಿಲ್ಲ. ಬೇರೆ ತೊಟ್ಟಿಯಿಂದ ಬಂದ ಗಿಡಕ್ಕೆ ಬ್ಲೀಚ್ ಸ್ನಾನ: ಸುವಾಸನೆ, ಸೋಪು ಯಾವುದೂ ಸೇರದ ಶೇ. 5ರ ಸಾದಾ ಬ್ಲೀಚ್ ಒಂದು ಪಾಲು, ನೀರು 19 ಪಾಲು. ಅನುಬಿಯಾಸ್, ಜಾವಾ ಫರ್ನಿನಂಥ ಗಟ್ಟಿ ಎಲೆಗೆ 2 ನಿಮಿಷ, ಕಾಂಡದ ಗಿಡಕ್ಕೆ 1 ನಿಮಿಷ. ಗಡಿಯಾರ ಎದುರಿಗಿರಲಿ. ಪಾಚಿಗಿಡ, ವ್ಯಾಲಿಸ್ನೇರಿಯಾ ಇದನ್ನು ತಾಳುವುದಿಲ್ಲ. ತಕ್ಷಣ ಹರಿಯುವ ನೀರಿನಲ್ಲಿ ತೊಳೆದು, ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕವನ್ನು ಮಾಮೂಲಿಗಿಂತ ಹೆಚ್ಚಾಗಿ ಬೆರೆಸಿದ ಬಕೆಟ್ ನೀರಿನಲ್ಲಿ 10 ನಿಮಿಷ ಮುಳುಗಿಸಿಡಿ. ಮೂಗಿಗೆ ಬ್ಲೀಚಿನ ವಾಸನೆ ಸ್ವಲ್ಪವೂ ಇಲ್ಲದಿದ್ದರೆ ಮಾತ್ರ ತೊಟ್ಟಿಗೆ. ಬ್ಲೀಚನ್ನು ವಿನೆಗರ್ ಅಥವಾ ಇತರ ಆಮ್ಲದ ಜೊತೆ ಎಂದೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಕತ್ತರಿಸಿದ ಗಿಡ, ಹೆಚ್ಚಾದ ಅಂತರಗಂಗೆ, ಸಾಲ್ವಿನಿಯಾಗಳನ್ನು ಕೆರೆಗೋ ಹಳ್ಳಕ್ಕೋ ಎಸೆಯಬೇಡಿ. ಅವು ಅಲ್ಲಿ ನೀರಿನ ಮೇಲೆಲ್ಲ ಹಬ್ಬಿ ಕೆಳಗಿನ ಜೀವಗಳಿಗೆ ಬೆಳಕು, ಗಾಳಿ ತಪ್ಪಿಸುತ್ತವೆ. ಬಿಸಿಲಿಗೆ ಹರವಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.